ಕೆಂಪಮ್ಮನ ಬಾಯಿ ಬಿಡಿಸಬೇಡಿ

ನಮಸ್ಕಾರ.

ನಿಮ್ಮ ಆಲೆಮನೆ ಕತೆ ಓದಿದೆ. ಪಾಂಡವಪುರದ ಕಡೆಯ ಮಾತು ಚೆನ್ನಾಗಿ ಬಂದಿದೆ. ಕಾಗುಣಿತದ ತಪ್ಪಿಲ್ಲ, ಈಗಿನ ಕಾಲಕ್ಕೆ ಅದೇ ದೊಡ್ಡದು. ಹೊಗಳಿಕೆ ಇಷ್ಟು ಸಾಕು ಅಲ್ವಾ? ನಿಮ್ಮ ನಾಲ್ಕನೇ ಪುಟ ನನ್ನ ನಿದ್ದೆ ಕೆಡಿಸಿದೆ, ಅದರ ಬಗ್ಗೆ ಮಾತಾಡಬೇಕು.

ಗಂಡ ಬಿಟ್ಟು ಹೋದ ಮೇಲೆ ಒಬ್ಬಳೇ ಆಲೆಮನೆ ನಡೆಸುವ ಕೆಂಪಮ್ಮ. ಯಾರನ್ನೂ ಹತ್ತಿರ ಸೇರಿಸದ ಹೆಂಗಸು. ಸಾಕಿಕೊಂಡಿರುವುದು ತಂಗಿ ಮಗಳು ಸವಿತಳನ್ನು. ನೀವು ಬರೆದಿದ್ದೀರಿ: “ರಾತ್ರಿ ಆಲೆಮನೆಯಿಂದ ಬಂದವಳು ಬಾಗಿಲಲ್ಲಿ ಸವಿತಳ ಚಪ್ಪಲಿ ಇದೆಯಾ ಅಂತ ನೋಡಿದಳು. ಆಮೇಲೆ ಒಳಗೆ ಹೋಗಿ, ‘ಇನ್ನೂ ಲೈಟ್ ಉರಿಸ್ಕೊಂಡು ಕೂತಿದ್ದೀಯಾ, ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾನಾ’ ಅಂತ ಗದರಿದಳು.”

ಇದನ್ನು ಮೂರು ಸಲ ಓದಿದೆ. ಮೊದಲು ಚಪ್ಪಲಿ, ಆಮೇಲೆ ಬೈಗುಳ. ಅವಳಿಗೇನು ಹೆದರಿಕೆ ಅಂತ ಗೊತ್ತಾಗಿ ಹೋಯಿತು. ಅವಳಿಗೇ ಅದು ಗೊತ್ತಿಲ್ಲ ಅನ್ನುವುದೂ ಗೊತ್ತಾಯಿತು.

ಮುಂದಿನ ಸಾಲು: “ಎಲ್ಲರೂ ತನ್ನನ್ನು ತೊರೆದುಬಿಡುತ್ತಾರೆಂಬ ಅವ್ಯಕ್ತ ಭಯ ಅವಳನ್ನು ಒಳಗೊಳಗೇ ಕಾಡುತ್ತಿತ್ತು.”

ಅವ್ಯಕ್ತ ಅಂದ ಮೇಲೆ ನೀವ್ಯಾಕೆ ವ್ಯಕ್ತಪಡಿಸಿದಿರಿ? ಓದುಗ ದಡ್ಡ ಅಂತಲಾ? ಅಥವಾ ಚಪ್ಪಲಿ ಸಾಲಿನ ಮೇಲೆ ನಿಮಗೇ ನಂಬಿಕೆ ಇರಲಿಲ್ವಾ?

ನಾನೂ ಇದೇ ಮಾಡಿದವನು. 1984ರಲ್ಲಿ ಮೈಸೂರಿನ ಅಗ್ರಹಾರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದೆ. ಆಗ ಒಂದೊಂದೇ ಅಚ್ಚಿನ ಮೊಳೆ ಕೈಯಲ್ಲಿ ಜೋಡಿಸಬೇಕಿತ್ತು. ನನ್ನ ಮೊದಲ ಕತೆ ಜೋಡಿಸುತ್ತಿದ್ದ ಕಂಪೋಸಿಟರ್ ಅರ್ಧಕ್ಕೆ ನಿಲ್ಲಿಸಿ, “ಏನಪ್ಪಾ, ಮೇಲಿನ ಸಾಲಲ್ಲೇ ಹೇಳಿ ಆಯ್ತಲ್ಲ. ಇದಕ್ಕೆ ಬೇರೆ ಮೊಳೆ ಸವೆಸಬೇಕಾ?” ಅಂದರು. ಎರಡು ದಿನ ಅವರನ್ನು ಮಾತಾಡಿಸಲಿಲ್ಲ. ಮೂರನೇ ದಿನ ನಾನೇ ಹೋಗಿ ಆ ಸಾಲು ಕೀಳಿಸಿದೆ. ಅವರು ನಗಲೂ ಇಲ್ಲ. ಮೊಳೆಗಳನ್ನು ಬಿಡಿಸಿ ಅದರದರ ಗೂಡಿಗೆ ಹಾಕಿದರು, ಅಷ್ಟೆ.

ಇನ್ನು ಕೊನೇ ಪುಟ. ಸವಿತ ಓದಲು ಮೈಸೂರಿಗೆ ಹೊರಟಿದ್ದಾಳೆ. ಪಾಂಡವಪುರದಿಂದ ರೈಲಿನಲ್ಲಿ ಒಂದು ಗಂಟೆಯೂ ಹಿಡಿಯಲ್ಲ. ಅಷ್ಟಕ್ಕೇ ಜೀವ ಹೋದಂಗಾಗುತ್ತೆ ಅನ್ನುವುದೇ ಕತೆ. ಆದರೆ ನೀವು ಕೆಂಪಮ್ಮನನ್ನು ಸ್ಟೇಷನ್ನಿಗೆ ಎಳೆದು ತಂದು, ಇಪ್ಪತ್ತೆರಡು ಸಾಲಿನುದ್ದಕ್ಕೂ ಅಳುವ ಹಾಗೆ ಮಾಡಿದ್ದೀರಿ. “ನಾನು ಗಟ್ಟಿಗಿತ್ತಿಯ ಮುಖವಾಡ ತೊಟ್ಟಿದ್ದೆ ಮಗಳೇ!” ಮುಖವಾಡ? ಕೆಂಪಮ್ಮ? ಅದು ಅವಳ ಮಾತಲ್ಲ, ನಿಮ್ಮದು.

ಇಂಥವರು ಅತ್ತು ಯಾರನ್ನೂ ತಡೆಯಲ್ಲ. ಹಿಂದಿನ ದಿನವೇ ಜಗಳ ತೆಗೀತಾರೆ. “ಹೋಗೋದಾದ್ರೆ ಬೇಗ ಹೋಗು” ಅಂತಾರೆ. ಹೊರಡುವ ಹೊತ್ತಿಗೆ ಕೆಲಸ ಹಚ್ಚಿಕೊಳ್ತಾರೆ. ಆ ಕೆಲಸ ನಿಮ್ಮ ಕತೆಯಲ್ಲೇ ಬಿದ್ದಿದೆ! ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಗೆ ಸುಣ್ಣ ಹಾಕುವುದು, ಮಡ್ಡಿ ತೆಗೆಯುವುದು, ಪಾಕ ಬಂತಾ ಅಂತ ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟಿ ನೋಡುವುದು, ಎಲ್ಲ ಬರೆದಿದ್ದೀರಿ. ಪಾಕ ಬರುವ ಹೊತ್ತಲ್ಲಿ ಯಾರೂ ಕೊಪ್ಪರಿಗೆ ಬಿಟ್ಟು ಅಲ್ಲಾಡಲ್ಲ, ಸ್ವಲ್ಪ ಮೀರಿದರೂ ಬೆಲ್ಲ ಸೀದು ಕಪ್ಪಾಗುತ್ತೆ. ಸ್ಟೇಷನ್ನಿಗೆ ಹೋಗದಿರಲು ಇದಕ್ಕಿಂತ ನೆಪ ಬೇಕಾ?

ಇನ್ನೊಂದು. ಸವಿತ “ಹೋಗ್ತೀನಿ ದೊಡ್ಡವ್ವ” ಅಂತಾಳೆ, ಕೆಂಪಮ್ಮ ಸುಮ್ನೆ ಕೇಳಿಸಿಕೊಳ್ತಾಳೆ. ನಮ್ಮ ಕಡೆ ಯಾವ ಹಿರಿಯರು ಇದನ್ನು ಸಹಿಸ್ತಾರೆ? ಕೊಪ್ಪರಿಗೆಯಿಂದ ಕಣ್ಣು ತೆಗೆಯದೆ ಅವಳು “ಬತ್ತೀನಿ ಅನ್ನು” ಅಂತ ಗದರಲಿ. ಇಪ್ಪತ್ತೆರಡು ಸಾಲೂ ಹೊಡೆದುಹಾಕಬಹುದು.

ಕೊನೇ ಪುಟ ಹೊಸದಾಗಿ ಬರೆದು ಕಳಿಸಿ. ಚಪ್ಪಲಿ ಸಾಲಿಗೆ ಮಾತ್ರ ಕೈ ಹಾಕಬೇಡಿ.