ಬೆಲೆ ಬಿದ್ದಾಗ ಟೊಮೇಟೊ ಕೀಳದೆ ಯಾಕೆ ಬಿಡ್ತಾರೆ?

ಬದಲಾಗುವ ವೆಚ್ಚಕ್ಕಿಂತ, ಅಂದ್ರೆ ಮಾಲು ಹೆಚ್ಚಿದಷ್ಟೂ ಹೆಚ್ಚುವ ಖರ್ಚಿಗಿಂತ, ಬೆಲೆ ಕೆಳಗಿಳಿದರೆ ಉತ್ಪಾದನೆ ನಿಲ್ಲಿಸಬೇಕು ಅಂತ ನಿಮ್ಮ ಬಿ.ಕಾಂ. ಪುಸ್ತಕ ಹೇಳುತ್ತೆ. ಬೆಳೆಗೆ ಒಂದೂವರೆ ಲಕ್ಷ ಸುರಿದ ರೈತ ಬಂದಷ್ಟು ಬರಲಿ ಅಂತ ಮಾರಬೇಕಲ್ವಾ ಅನ್ನೋದು ನಿಮ್ಮ ಪ್ರಶ್ನೆ.

ನಾನು ಕೋಲಾರದ ಕಡೆಯವನು. ಡಿಗ್ರಿ ಓದುವಾಗ ಇದೇ ವಿಷಯಕ್ಕೆ ಅಪ್ಪನ ಜೊತೆ ಜಗಳ ಆಡಿದ್ದೆ. ಒಂದು ಎಕರೆ ತೋಟ ಕೆಂಪಗೆ ಹಣ್ಣಾಗಿ ನಿಂತಿತ್ತು, ಅಪ್ಪ ಅದಕ್ಕೆ ಕುರಿ ಬಿಡಿಸಿದರು. ನನಗೆ ಹೊಟ್ಟೆ ಉರಿಯಿತು. ಅಪ್ಪ ವಾದ ಮಾಡಲಿಲ್ಲ. ಗೊಬ್ಬರದಂಗಡಿ ಚೀಟಿಯ ಹಿಂದೆ ಲೆಕ್ಕ ಬರೆದು ಕೈಗಿಟ್ಟರು.

ಸುಲಭಕ್ಕೆ ದುಂಡು ಅಂಕಿ ಇಟ್ಟುಕೊಳ್ಳೋಣ. ನಾರು, ಗೊಬ್ಬರ, ಔಷಧಿ, ಕಡ್ಡಿ, ದಾರ ಎಲ್ಲಾ ಸೇರಿ 1,50,000. ಇದು ಆಗಲೇ ಹೋದ ದುಡ್ಡು, ಕಿತ್ತರೂ ವಾಪಸ್ ಬರಲ್ಲ, ಬಿಟ್ಟರೂ ಬರಲ್ಲ. ಇನ್ನು 15 ಕೆಜಿ ಬಾಕ್ಸ್ ಒಂದಕ್ಕೆ ಕೀಳೋ ಕೂಲಿ 20, ಗಾಡಿ ಬಾಡಿಗೆ 18, ಹಮಾಲಿ ಇತ್ಯಾದಿ 7. ಒಟ್ಟು 45.

ಸಾವಿರ ಬಾಕ್ಸ್ ಬರುತ್ತೆ ಅಂದುಕೊಳ್ಳಿ. ರೇಟು 70 ಇದ್ದರೆ ಬಾಕ್ಸಿಗೆ 25 ಉಳಿಯುತ್ತೆ, ಸಾವಿರಕ್ಕೆ 25,000. ಆಗಲೂ 1,25,000 ನಷ್ಟವೇ, ಆದರೂ ಕೀಳಬೇಕು. ರೇಟು 35 ಆದರೆ ಪ್ರತಿ ಬಾಕ್ಸಿಗೂ ಕೈಯಿಂದ 10 ಹೋಗುತ್ತೆ, ನಷ್ಟ 1,60,000. ಸುಮ್ನೆ ಬಿಟ್ಟರೆ 1,50,000ಕ್ಕೆ ನಿಲ್ಲುತ್ತೆ. ಹಾಕಿದ್ದೆಲ್ಲಾ ಪೂರ್ತಿ ವಾಪಸ್ ಬರೋಕೆ 195 ಸಿಗಬೇಕು. ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವೋದು ಇಲ್ಲೇ: 195 ಸಿಗದಿದ್ದರೆ ಕೀಳಬಾರದು ಅಂತ ಬರೆದುಬಿಡ್ತಾರೆ. ಕೀಳಬೇಕಾ ಬೇಡ್ವಾ ಅನ್ನೋದಕ್ಕೆ ಗೆರೆ 45.

ಹಾಗಾದ್ರೆ ಮಂಡಿ ತನಕ ತಂದು ರಸ್ತೆ ಬದಿ ಸುರಿಯೋದು ಯಾಕೆ? ರೇಟು ಗೊತ್ತಾಗೋದು ಹರಾಜಿನಲ್ಲಿ. ಅಷ್ಟರಲ್ಲಿ ಕೂಲಿ, ಬಾಡಿಗೆ ಎರಡೂ ಮುಗಿದಿರುತ್ತೆ. ತೋಟದಲ್ಲಿ ಬದಲಾಗುವ ವೆಚ್ಚವಾಗಿದ್ದದ್ದು ಮಂಡಿಯಲ್ಲಿ ಮುಳುಗಿದ ವೆಚ್ಚ, ಅಂದ್ರೆ ಏನು ಮಾಡಿದರೂ ವಾಪಸ್ ಬರದ ದುಡ್ಡು. ಅಲ್ಲಿ 35 ಸಿಕ್ಕರೂ ಕೊಟ್ಟುಬರೋದೇ ಮೇಲು. ಕೊಳ್ಳೋರೇ ಇಲ್ಲದಿದ್ದರೆ ವಾಪಸ್ ತರೋಕೆ ಮತ್ತೆ ಬಾಡಿಗೆ, ಅದಕ್ಕೇ ಸುರಿಯೋದು.

2023ರ ಜುಲೈನಲ್ಲಿ ಇದೇ ಬಾಕ್ಸ್ ಕೋಲಾರದಲ್ಲಿ 2,000 ದಾಟಿತ್ತು. ರೇಟು ಏರಬಹುದು ಅನ್ನೋ ಆಸೆಗೆ ಕೆಲವರು ನಷ್ಟದಲ್ಲೂ ಹಣ್ಣು ಕಿತ್ತು ಗಿಡ ಉಳಿಸಿಕೊಳ್ತಾರೆ. ಆ ಆಸೆಯನ್ನ ಯಾವ ಕಾಲಮ್ಮಿಗೆ ಹಾಕೋದು ಅಂತ ಅಪ್ಪನ್ನ ಕೇಳಿದ್ದೆ. ಕುರಿಯವನು ಕೊಟ್ಟ 500 ರೂಪಾಯಿ ಎಣಿಸುತ್ತಾ ನಕ್ಕರು, ಅಷ್ಟೇ.