ಸೇರಿದ ಹೊಸತರಲ್ಲೇ ಕೆಲಸ ಬಿಡೋದು ಹೇಗೆ?

ಪ್ರಶ್ನೆ: ನರ್ಸಿಂಗ್ ಮುಗಿಸಿ ಆಸ್ಪತ್ರೆಗೆ ಸೇರಿದೆ. ಇನ್ನೂ ಪ್ರೊಬೇಷನ್. ಐಸಿಯುನಲ್ಲಿ ಬರೀ ರಾತ್ರಿ ಪಾಳಿ, ಕಲಿಸುವವರಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿದೆ. 'ನಾಳೆಯಿಂದ ಹೋಗಬೇಡ, ಫೋನ್ ಆಫ್ ಮಾಡು' ಅಂತಾಳೆ ಗೆಳತಿ. ಏನು ಮಾಡಲಿ?

ಉತ್ತರ: ಬಿಡಿ, ತಪ್ಪೇನಿಲ್ಲ. ಆದರೆ ಗೆಳತಿ ಹೇಳಿದ ಹಾಗೆ ಬೇಡ. ವಾರ್ಡ್ ಸಿಸ್ಟರ್ ಆಗಿ ಇಂಥ ಬೆಳಗುಗಳನ್ನು ನೋಡಿದ್ದೇನೆ. ಬಾರದವರ ರೋಗಿಗಳು ರಾತ್ರಿಯಿಡೀ ದುಡಿದವಳ ತಲೆಗೇ ಬೀಳುತ್ತಾರೆ. ಪಾಳಿಯ ಮಧ್ಯೆ ಎದ್ದು ಹೋಗೋದಂತೂ ಇನ್ನೂ ಕೆಟ್ಟದ್ದು. ರೋಗಿಗಳ ಚಾರ್ಜ್ ಇನ್ನೊಬ್ಬ ನರ್ಸ್‌ಗೆ ಒಪ್ಪಿಸದೆ ಹೋದರೆ ನಿಮ್ಮ ನರ್ಸಿಂಗ್ ನೋಂದಣಿಗೇ ತೊಂದರೆ ಬರಬಹುದು.

ಮೊದಲು ನೇಮಕಾತಿ ಪತ್ರ ತೆಗೆದು ಓದಿ. ಪ್ರೊಬೇಷನ್‌ನಲ್ಲಿ ನೋಟಿಸ್ ಅವಧಿ ಸಾಮಾನ್ಯವಾಗಿ ಕಮ್ಮಿ. ಇಷ್ಟು ಕಾಲ ಕೆಲಸ ಮಾಡುತ್ತೇನೆ ಅನ್ನುವ ಬಾಂಡ್‌ಗೆ ಸಹಿ ಹಾಕಿದ್ದರೆ ಅದನ್ನೂ ಪೂರ್ತಿ ಓದಿ. ಹೊಸ ಕಡೆಯ ನೇಮಕಾತಿ ಪತ್ರ ಕೈಗೆ ಬರುವ ತನಕ ಬಾಯಿ ಬಿಡಬೇಡಿ. ಬಾಯಿಮಾತಿನ ಭರವಸೆ ಲೆಕ್ಕಕ್ಕಿಲ್ಲ.

ಆಮೇಲೆ ನಿಮ್ಮ ಇನ್‌ಚಾರ್ಜ್‌ಗೆ ಮುಖಾಮುಖಿ ಹೇಳಿ. ಸುದ್ದಿ ಬೇರೆಯವರಿಂದ ಅವರ ಕಿವಿಗೆ ಬೀಳಬಾರದು, ಅಲ್ವಾ? ರಾಜೀನಾಮೆ ಪತ್ರ ನಾಲ್ಕು ಸಾಲು ಸಾಕು: ಹುದ್ದೆ, ವಾರ್ಡ್, ಕೊನೆಯ ದಿನ, ಒಂದು ಧನ್ಯವಾದ. ಸಿಟ್ಟನ್ನೆಲ್ಲ ಅದರಲ್ಲಿ ಸುರಿಯಬೇಡಿ, ಅದು ಫೈಲಿನಲ್ಲಿ ಉಳಿಯುತ್ತದೆ. ದೂರಿದ್ದರೆ ಬೇರೆಯೇ ಬರೆದುಕೊಡಿ. ಪತ್ರ ತಲುಪಿದ್ದಕ್ಕೆ ಸಹಿ ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಿ.

ಕೊನೆಯ ದಿನ ಗುರುತಿನ ಚೀಟಿ, ಕೀಲಿ ಒಪ್ಪಿಸಿ. ಕೆಲಸದಿಂದ ಬಿಡುಗಡೆ ಮಾಡಿದ್ದಕ್ಕೆ ರಿಲೀವಿಂಗ್ ಲೆಟರ್ ಕೇಳಿ. ಮೂಲ ಅಂಕಪಟ್ಟಿ ಅವರ ಬಳಿ ಇದ್ದರೆ ವಾಪಸ್ ಪಡೆಯದೆ ಹೊರಡಬೇಡಿ.