ನುಂಗದ ಮಾತ್ರೆಗೆ ಡಬಲ್ ಡೋಸು

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಐವತ್ತು ದಾಟಿದವರು, ಸ್ವಂತ ಅಂಗಡಿ, ಸ್ಟೆಂಟ್ ಹಾಕಿಸಿ ವರ್ಷವಾಗಿತ್ತು. ನಿದ್ದೆಯಿಲ್ಲ, ಸಿಡುಕು ಜಾಸ್ತಿ ಎಂದು ಹೆಂಡತಿ ಆಪ್ತಸಮಾಲೋಚನೆಗೆ ನನ್ನಲ್ಲಿಗೆ ಕರೆತಂದಿದ್ದರು.

ಎರಡನೇ ಭೇಟಿಯಲ್ಲಿ ಅವರೊಬ್ಬರನ್ನೇ ಕೂರಿಸಿಕೊಂಡೆ. ಜೇಬಿನಿಂದ ಹೊಸ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ, ರೋಸುವಾಸ್ಟಾಟಿನ್, 20 ಇದ್ದದ್ದು 40 ಆಗಿತ್ತು.

"ಡಬಲ್ ಮಾಡಿದಾರೆ ಮೇಡಂ. ನಾನು ನಾಲ್ಕು ತಿಂಗಳಿಂದ ಒಂದೂ ನುಂಗಿಲ್ಲ."

ಹೆಂಡತಿ ಕೊಟ್ಟ ಮಾತ್ರೆಯನ್ನು ದವಡೆಗೆ ಒತ್ತಿಕೊಂಡು ನೀರು ಕುಡಿದು, ಆಮೇಲೆ ದಾಸವಾಳದ ಕುಂಡಕ್ಕೆ ಉಗಿಯುತ್ತಿದ್ದರಂತೆ. ಮೀನಖಂಡ ನೋಯುತ್ತಿತ್ತು. ಹೇಳಿದರೆ ಡಾಕ್ಟರು ಬೈತಾರೆಂಬ ಭಯ. ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ 142ಕ್ಕೇರಿದ್ದು ಕಂಡು ಡಾಕ್ಟರು ಪಾಪ, ಮಾತ್ರೆ ಸಾಲುತ್ತಿಲ್ಲ ಎಂದುಕೊಂಡರು.

ಇಂಥವರು ನನ್ನಲ್ಲಿಗೆ ಮತ್ತೆ ಮತ್ತೆ ಬರುತ್ತಾರೆ. ಅಡ್ಡಪರಿಣಾಮದಿಂದ ಸ್ಟಾಟಿನ್ ಬಿಟ್ಟವರಲ್ಲಿ ನಡೆದ ಸಾಮ್‌ಸನ್ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ 60 ಜನರ ತೊಂದರೆಗಳಲ್ಲಿ ಸುಮಾರು ಶೇ. 90 ಪಾಲು ಔಷಧಿಯಿಲ್ಲದ ಹುಸಿಮಾತ್ರೆಯಲ್ಲೂ ಕಾಣಿಸಿತ್ತು. ಇದನ್ನು ಅವರಿಗೆ ಹೇಳಲಿಲ್ಲ. 'ನಿಮ್ಮ ನೋವು ಸುಳ್ಳು' ಎಂದೇ ಕೇಳಿಸುತ್ತಿತ್ತು.

ಈ ಮಾತ್ರೆ, ಇಲ್ಲವೇ ಏನೂ ಇಲ್ಲ ಎಂದು ಅವರು ತಿಳಿದಿದ್ದರು. ಕೊಲೆಸ್ಟ್ರಾಲ್ ಇಳಿಸಲು ಬೇರೆ ಔಷಧಿಗಳೂ ಇವೆ ಎಂದೆ. ಸ್ಟಾಟಿನ್ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನೇ ತಗ್ಗಿಸುತ್ತದೆ, ಎಜೆಟಿಮೈಬ್ ಕರುಳು ಅದನ್ನು ಹೀರದಂತೆ ತಡೆಯುತ್ತದೆ. ಬೆಂಪೆಡೋಯಿಕ್ ಆಮ್ಲ ಎಂಬ ಮಾತ್ರೆ ಸ್ನಾಯುವಿನಲ್ಲಿ ಕೆಲಸಕ್ಕಿಳಿಯುವುದಿಲ್ಲ. ಎರಡು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಪಿಸಿಎಸ್‌ಕೆ9 ಔಷಧಿಗಳೂ ಇವೆ, ದುಬಾರಿ. ಸ್ಟಾಟಿನ್ ಡೋಸು ಇಮ್ಮಡಿಸಿದರೆ ಎಲ್‌ಡಿಎಲ್ ಇಳಿಯುವುದು ಇನ್ನೊಂದು ಶೇ. 6ರಷ್ಟು ಮಾತ್ರ, ಹಾಗಾಗಿ ಕಡಿಮೆ ಡೋಸಿಗೆ ಎಜೆಟಿಮೈಬ್ ಜೋಡಿಸುವುದೂ ಉಂಟು. ಯಾವುದು ನಿಮಗೆ ಎಂದು ಹೇಳಲು ನಾನು ಡಾಕ್ಟರಲ್ಲ ಎಂದೆ.

ನಾನು ಕೊಟ್ಟ ಸಲಹೆ ಇಷ್ಟೇ: 40ರ ಮಾತ್ರೆ ಶುರು ಮಾಡುವ ಮೊದಲು, ನಾಳೆಯೇ, ಡಾಕ್ಟರಿಗೆ ನಿಜ ಹೇಳಿ. ಬಾಯಿ ಬರದಿದ್ದರೆ ಇದನ್ನು ತೋರಿಸಿ ಎಂದು ಅವರ ಕೈಯಲ್ಲೇ ಬರೆಸಿದೆ: "ನಾಲ್ಕು ತಿಂಗಳಿಂದ ಮಾತ್ರೆ ತಗೊಂಡಿಲ್ಲ. ಕಾಲು ನೋವು."

ಹೆಂಡತಿಗೆ ಯಾಕೆ ತಿಳಿಸಲಿಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಕಾವಲುಗಾರರನ್ನು ಹೆಚ್ಚಿಸಿದರೆ ಅವರು ಬೇರೆ ಕುಂಡ ಹುಡುಕುತ್ತಿದ್ದರು. ಈಗಲೂ ನನಗೆ ಹಾಗೇ ಅನ್ನಿಸುತ್ತದೆ.

ಡಾಕ್ಟರು ಬೈಯಲಿಲ್ಲವಂತೆ. ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತಿಳಿಯಲು ಸಿಕೆ ಎಂಬ ರಕ್ತಪರೀಕ್ಷೆ ಮಾಡಿಸಿದರು, ಸರಿಯಿತ್ತು. 10ರ ಸ್ಟಾಟಿನ್ ಜೊತೆ ಎಜೆಟಿಮೈಬ್ ಬರೆದರು. ಈಗ ನುಂಗುತ್ತಿದ್ದಾರೆ. ಕುಂಡದ ವಿಷಯ ಮಾತ್ರ ಮನೆಯಲ್ಲಿ ಇನ್ನೂ ಹೇಳಿಲ್ಲ.